ಸಣ್ಣ ವ್ಯವಹಾರದ ಲ್ಯಾಪ್‌ಟಾಪ್‌ಗೆ ಯಾವ ಆಪರೇಟಿಂಗ್ ಸಿಸ್ಟಮ್? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದರಿಂದ ಹತ್ತರವರೆಗೆ ಲ್ಯಾಪ್‌ಟಾಪ್‌ಗಳಿದ್ದು, ಅವನ್ನು ನೋಡಿಕೊಳ್ಳಲೆಂದೇ ಬೇರೆ ಸಿಬ್ಬಂದಿ ಇಲ್ಲದ ವ್ಯವಹಾರಗಳಿಗಾಗಿ ಈ ಉತ್ತರಗಳು. ಆಪರೇಟಿಂಗ್ ಸಿಸ್ಟಮ್ ಎಂದರೆ ಲ್ಯಾಪ್‌ಟಾಪನ್ನು ನಡೆಸುವ ಮೂಲ ಸಾಫ್ಟ್‌ವೇರ್: ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್, ಕ್ರೋಮ್‌ಓಎಸ್. ಮನೆಯ ಕಂಪ್ಯೂಟರ್ ಒಂದು ದಿನ ಕೈಕೊಟ್ಟರೆ ಬೇಸರ, ಅಷ್ಟೇ. ವ್ಯವಹಾರದ ಕಂಪ್ಯೂಟರ್ ಕೈಕೊಟ್ಟರೆ ಬಿಲ್ ನಿಲ್ಲುತ್ತದೆ, ಸಂಬಳ ನಿಲ್ಲುತ್ತದೆ. ಇಲ್ಲಿರುವ ಸಲಹೆಗಳೆಲ್ಲ ಆ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಮೊದಲು ಯಾವುದನ್ನು ಆರಿಸಬೇಕು, ಲ್ಯಾಪ್‌ಟಾಪನ್ನೋ ಆಪರೇಟಿಂಗ್ ಸಿಸ್ಟಮನ್ನೋ?

ಎರಡಕ್ಕೂ ಮೊದಲು ಕೆಲಸದ ಪಟ್ಟಿ ಆಗಬೇಕು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ದಿನವೂ ತೆರೆಯುವ ಸಾಫ್ಟ್‌ವೇರ್‌ಗಳ ಹೆಸರು ಬರೆಯಿರಿ. ಎರಡನೆಯದರಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಸಾಧನಗಳು, ಮಾದರಿ ಸಂಖ್ಯೆ ಸಮೇತ. ಮೂರನೆಯದರಲ್ಲಿ ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಮಾತ್ರ ಬರುವ ಕೆಲಸಗಳು: ತೆರಿಗೆ ಸಲ್ಲಿಕೆ, ಟೆಂಡರ್, ಡಿಜಿಟಲ್ ಸಹಿ, ಲೆಕ್ಕ ಪರಿಶೋಧಕರಿಗೆ ಫೈಲ್ ಕಳಿಸುವುದು.

ಜನ ಎಡವುವುದು ಈ ಮೂರನೆಯ ಕಾಲಂನಲ್ಲಿ. ದಿನದ ಕೆಲಸವೆಲ್ಲ ಬ್ರೌಸರ್‌ನಲ್ಲೇ ಆಗುತ್ತದೆಂದು ಹೊಸ ಸಿಸ್ಟಮ್‌ಗೆ ಹೋಗಿರುತ್ತಾರೆ. ಆರು ತಿಂಗಳ ಮೇಲೆ ಸಹಿಯ ಡಾಂಗಲ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಸಾಧನ) ಸಿಕ್ಕಿಸಿದಾಗ ಅದರ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ವಿಂಡೋಸ್‌ಗೆ ಮಾತ್ರ ಇದೆಯೆಂದು ಗೊತ್ತಾಗುತ್ತದೆ, ಅದೂ ಕೊನೆಯ ದಿನಾಂಕದ ಹಿಂದಿನ ರಾತ್ರಿ.

ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ: ಬ್ರೌಸರ್‌ನಲ್ಲಿ ನಡೆಯುತ್ತದೆ, ಬೇರೆ ಸಿಸ್ಟಮ್‌ಗೂ ಸಿಗುತ್ತದೆ, ವಿಂಡೋಸ್ ಬಿಟ್ಟರೆ ಇಲ್ಲ. ಮೂರನೆಯ ಗುರುತಿನ ಒಂದೇ ಒಂದು ಸಾಲು ಇದ್ದು, ಅದಿಲ್ಲದೆ ವ್ಯವಹಾರ ನಡೆಯದು ಎಂದಾದರೆ, ಕನಿಷ್ಠ ಒಂದು ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರಲೇಬೇಕು. ಮಿಕ್ಕವುಗಳಿಗೆ ಆಯ್ಕೆ ಮುಕ್ತ.

ನಮ್ಮಲ್ಲಿ ಈಗಲೂ ವಿಂಡೋಸ್ 10 ಇದೆ. ಚೆನ್ನಾಗಿಯೇ ನಡೆಯುತ್ತಿದೆ. ಹಾಗೇ ಬಿಡಬಹುದೇ?

ನಡೆಯುತ್ತಿರುತ್ತದೆ, ಅದೇ ಅಪಾಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳಿಗೆ ತೇಪೆ (ಸರಿಪಡಿಸುವ ಅಪ್‌ಡೇಟ್) ಬರುವುದು ನಿಲ್ಲುತ್ತದೆ. ವಿಂಡೋಸ್ 11ರಲ್ಲಿ ಮುಚ್ಚಿದ ಬಿರುಕು ಹಳೆಯದರಲ್ಲೂ ಇರುವ ಸಾಧ್ಯತೆ ಹೆಚ್ಚು. ದಾಳಿ ಮಾಡುವವರು ಪ್ರತಿ ತಿಂಗಳ ತೇಪೆಯನ್ನು ಬಿಚ್ಚಿ ನೋಡಿ, ಬಿರುಕು ಎಲ್ಲಿತ್ತೆಂದು ತಿಳಿದುಕೊಳ್ಳುತ್ತಾರೆ.

ಮೈಕ್ರೋಸಾಫ್ಟ್ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಇಟ್ಟಿದೆ. ಮನೆಬಳಕೆದಾರರಿಗೆ ಅದು 2026ರ ಅಕ್ಟೋಬರ್ 13ರವರೆಗೆ, ಸಂಸ್ಥೆಗಳಿಗೆ ವರ್ಷವರ್ಷವೂ ಹಣ ಕಟ್ಟಿ ಒಟ್ಟು ಮೂರು ವರ್ಷದವರೆಗೆ ಎಂದು ಘೋಷಿಸಿದ್ದಾರೆ. ಲ್ಯಾಪ್‌ಟಾಪ್ ಬದಲಿಸಲು ಸಮಯ ಬೇಕಾದವರಿಗೆ ಇದೊಂದು ಸೇತುವೆ. ಸೇತುವೆಯ ಮೇಲೆ ಮನೆ ಕಟ್ಟಬೇಡಿ.

ನಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಹೊಂದುತ್ತದೆಯೇ ಎಂದು ಹೇಗೆ ನೋಡುವುದು?

ಸುಲಭದ ದಾರಿ ಮೈಕ್ರೋಸಾಫ್ಟ್‌ನವರದೇ ಪಿಸಿ ಹೆಲ್ತ್ ಚೆಕ್ ಆ್ಯಪ್. ಅದನ್ನು ಹಾಕಿ ನಡೆಸಿದರೆ ಹೊಂದುತ್ತದೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಎಂದು ಹೇಳುತ್ತದೆ. ಬೇಕಾದದ್ದು ಇಷ್ಟು: ಎರಡು ಕೋರ್‌ಗಳಿರುವ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಯುಇಎಫ್‌ಐ ಫರ್ಮ್‌ವೇರ್ (ಲ್ಯಾಪ್‌ಟಾಪನ್ನು ಎಬ್ಬಿಸುವ ಒಳ ಪ್ರೋಗ್ರಾಂ) ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ (ನಂಬಿಕಸ್ಥ ಸಿಸ್ಟಮ್ ಮಾತ್ರ ಏಳಲು ಬಿಡುವಂಥದ್ದು), ಟಿಪಿಎಂ 2.0 ಚಿಪ್ (ಭದ್ರತಾ ಕೀಗಳನ್ನು ಕಾಪಾಡುವಂಥದ್ದು). ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲೂ ಇರಬೇಕು. ಸ್ಥೂಲವಾಗಿ ಇಂಟೆಲ್‌ನ ಎಂಟನೇ ತಲೆಮಾರು ಮತ್ತು ನಂತರದವು, ಎಎಂಡಿಯಲ್ಲಿ ರೈಜನ್ 2000 ಸರಣಿ ಮತ್ತು ನಂತರದವು.

"ಟಿಪಿಎಂ ಇಲ್ಲ" ಎಂದು ಬಂದರೆ ಕೂಡಲೇ ಲ್ಯಾಪ್‌ಟಾಪನ್ನು ಮೂಲೆಗೆ ಹಾಕಬೇಡಿ. ಎಷ್ಟೋ ಸಲ ಚಿಪ್‌ನ ಕೆಲಸ ಪ್ರೊಸೆಸರ್ ಒಳಗೇ ಇದ್ದು, ಬಯಾಸ್‌ನಲ್ಲಿ (ಆ ಒಳ ಪ್ರೋಗ್ರಾಂನ ಸೆಟ್ಟಿಂಗ್ ಪುಟದಲ್ಲಿ) ಆಫ್ ಆಗಿರುತ್ತದೆ ಅಷ್ಟೇ. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಒಳಗೆ ಹೋಗಿ, ಸೆಕ್ಯುರಿಟಿ ಭಾಗದಲ್ಲಿ ಹುಡುಕಿ. ಇಂಟೆಲ್‌ನಲ್ಲಿ ಅದಕ್ಕೆ ಪಿಟಿಟಿ ಎನ್ನುತ್ತಾರೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿ, ಉಳಿಸಿ, ಮತ್ತೆ ಪರೀಕ್ಷಿಸಿ.

ಸೆಕ್ಯೂರ್ ಬೂಟ್‌ನದು ಸ್ವಲ್ಪ ಬೇರೆ. ವಿಂಡೋಸ್ ಹಳೆಯ ಲೆಗಸಿ ವಿಧಾನದಲ್ಲಿ ಇನ್‌ಸ್ಟಾಲ್ ಆಗಿದ್ದರೆ ಡಿಸ್ಕ್‌ನ ವಿಭಜನೆ ಎಂಬಿಆರ್ ಎಂಬ ಹಳೆಯ ಬಗೆಯದಾಗಿರುತ್ತದೆ. ಬಯಾಸ್‌ನಲ್ಲಿ ಸುಮ್ಮನೆ ಯುಇಎಫ್‌ಐಗೆ ಬದಲಿಸಿಬಿಟ್ಟರೆ ವಿಂಡೋಸ್ ಏಳುವುದೇ ಇಲ್ಲ. ಮೊದಲು ಡಿಸ್ಕನ್ನು ಜಿಪಿಟಿ ಎಂಬ ಹೊಸ ಬಗೆಗೆ ಪರಿವರ್ತಿಸಬೇಕು. ಅದಕ್ಕೆ ವಿಂಡೋಸ್‌ನಲ್ಲೇ ಉಪಕರಣವಿದೆ, ಆದರೆ ಅದಕ್ಕೂ ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ.

ಹೊಂದದ ಲ್ಯಾಪ್‌ಟಾಪ್‌ಗೂ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುತ್ತಾರೆ. ಹಾಕಿಸಬಹುದೇ?

ತಪಾಸಣೆಯನ್ನು ದಾಟಿಸಿ ಹಾಕುವ ಉಪಾಯಗಳಿವೆ, ಹಾಕಿದ ಮೇಲೆ ನಡೆಯಲೂಬಹುದು. ಆದರೆ ಅಂಥ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲವೂ ಕೈಯಾರೆ ಹಾಕಬೇಕಾಗುತ್ತದೆ. 24ಎಚ್2 ಆವೃತ್ತಿಯಿಂದ ಮುಂದಕ್ಕೆ ಕೆಲವು ಪ್ರೊಸೆಸರ್ ಸೂಚನೆಗಳೂ ಕಡ್ಡಾಯವಾದವು, ಅವಿಲ್ಲದ ತೀರಾ ಹಳೆಯ ಕಂಪ್ಯೂಟರ್‌ಗಳು ಬೂಟ್ ಸಹ ಆಗುವುದಿಲ್ಲ. ಮನೆಯಲ್ಲಿ ಪ್ರಯೋಗಕ್ಕೆ ಸರಿ. ವ್ಯವಹಾರದ ಲ್ಯಾಪ್‌ಟಾಪ್‌ಗೆ ಖಂಡಿತ ಬೇಡ. ಅಂಥದ್ದಕ್ಕೆ ಲಿನಕ್ಸ್ ಅಥವಾ ಕ್ರೋಮ್‌ಓಎಸ್ ಫ್ಲೆಕ್ಸ್ (ಕ್ರೋಮ್‌ಬುಕ್ ಸಿಸ್ಟಮ್‌ನ, ಹಳೆಯ ಲ್ಯಾಪ್‌ಟಾಪ್‌ಗೂ ಹಾಕಬಹುದಾದ ರೂಪ) ಹಾಕಿ, ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ದುಡಿಯುತ್ತದೆ.

ವಿಂಡೋಸ್ ಹೋಮ್ ಸಾಕೇ, ಪ್ರೊ ಬೇಕೇ?

ವೇಗದಲ್ಲಿ ವ್ಯತ್ಯಾಸವಿಲ್ಲ. ಪ್ರೊ ಎಂದರೆ ಹೆಚ್ಚು ಶಕ್ತಿ ಎಂಬುದು ತಪ್ಪು ಕಲ್ಪನೆ. ಪ್ರೊನಲ್ಲಿ ಸಿಗುವುದು ಹಿಡಿತ. ಬಿಟ್‌ಲಾಕರ್ ಮೂಲಕ ಯಾವ ಡ್ರೈವ್ ಬೇಕಾದರೂ, ಪೆನ್‌ಡ್ರೈವ್ ಸಹ, ಎನ್‌ಕ್ರಿಪ್ಟ್ ಮಾಡಬಹುದು, ಅಂದರೆ ಕೀ ಇಲ್ಲದವರು ಓದಲಾಗದಂತೆ ಮಾಡಬಹುದು. ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಈ ಲ್ಯಾಪ್‌ಟಾಪಿನೊಳಗೆ ಬರಬಹುದು. ಹೋಮ್‌ನಿಂದ ಬೇರೆಯದಕ್ಕೆ ಹೋಗಬಹುದು, ಹೋಮ್‌ನೊಳಗೆ ಬರಲಾಗದು. ಗ್ರೂಪ್ ಪಾಲಿಸಿ ಎಂಬ ನಿಯಮಗಳ ಸೆಟ್ಟಿಂಗ್‌ನಿಂದ ಮಾಸಿಕ ಅಪ್‌ಡೇಟನ್ನು 30 ದಿನದವರೆಗೆ, ದೊಡ್ಡ ಆವೃತ್ತಿಯನ್ನು 365 ದಿನದವರೆಗೆ ಮುಂದೂಡಬಹುದು. ಸಂಸ್ಥೆಯ ಖಾತೆಗೆ ಎಲ್ಲ ಲ್ಯಾಪ್‌ಟಾಪ್‌ಗಳನ್ನೂ ಸೇರಿಸಿ ಒಂದೇ ಕಡೆಯಿಂದ ನಿಭಾಯಿಸಬಹುದು.

ನಮ್ಮ ಅಭಿಪ್ರಾಯ ಹೀಗೆ: ಒಬ್ಬರೇ ಬಳಸುವ, ಗ್ರಾಹಕರ ಮಾಹಿತಿ ಹೆಚ್ಚಾಗಿ ಇಲ್ಲದ ಲ್ಯಾಪ್‌ಟಾಪ್‌ಗೆ ಹೋಮ್ ಸಾಕು. ಮೂರಕ್ಕಿಂತ ಹೆಚ್ಚು ಲ್ಯಾಪ್‌ಟಾಪ್‌ಗಳಿದ್ದರೆ, ಅಥವಾ ಸಿಬ್ಬಂದಿ ಅದನ್ನು ಹೊರಗೆ ಒಯ್ಯುತ್ತಾರೆಂದರೆ ಪ್ರೊ ತೆಗೆದುಕೊಳ್ಳಿ. ಮೊದಲು ಹೋಮ್ ಕೊಂಡು ಆಮೇಲೆ ಏರಿಸಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್ ದಾರಿಯಲ್ಲಿ ಹೋಗಿ ಪ್ರೊ ಕೀ (ಲೈಸೆನ್ಸಿನ ಸಂಕೇತ ಸಂಖ್ಯೆ) ಕೊಟ್ಟರೆ ಫೈಲ್‌ಗಳು ಇದ್ದಲ್ಲೇ ಇರುತ್ತವೆ, ಮರು ಇನ್‌ಸ್ಟಾಲ್ ಬೇಡ.

ಎಸ್ ಮೋಡ್ ಎಂದು ಬರೆದಿರುವ ಲ್ಯಾಪ್‌ಟಾಪ್ ಬಂದರೆ ಹೆದರಬೇಡಿ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳು ಮಾತ್ರ ಹಿಡಿಯುತ್ತವೆ. ಉಚಿತವಾಗಿ ಹೊರಬರಬಹುದು, ಒಮ್ಮೆ ಬಂದ ಮೇಲೆ ಹಿಂದಿರುಗಲಾಗದು.

ತೀರಾ ಅಗ್ಗಕ್ಕೆ ಸಿಗುವ ವಿಂಡೋಸ್ ಕೀಗಳನ್ನು ಕೊಳ್ಳಬಹುದೇ?

ಬೇಡ. ಲೈಸೆನ್ಸ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಲ್ಯಾಪ್‌ಟಾಪ್ ಜೊತೆಗೇ ಬರುವ ಒಇಎಂ ಲೈಸೆನ್ಸ್ ಆ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ರಿಟೇಲ್ ಲೈಸೆನ್ಸನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ವಾಲ್ಯೂಮ್ ಲೈಸೆನ್ಸ್ ದೊಡ್ಡ ಸಂಸ್ಥೆಗಳು ಒಪ್ಪಂದದ ಮೇಲೆ ಪಡೆಯುವಂಥದ್ದು. ನಂಬಲಾರದಷ್ಟು ಅಗ್ಗದ ಕೀಗಳಲ್ಲಿ ಎಷ್ಟೋ ಇಂಥ ಸಂಸ್ಥೆಗಳಿಂದ ಸೋರಿದವು. ಮೊದಲ ದಿನ ಆ್ಯಕ್ಟಿವೇಟ್ ಆಗುತ್ತದೆ, ಕೀ ರದ್ದಾದ ದಿನ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಬಂದು ಕೂರುತ್ತದೆ. ಆಗ ನಿಮ್ಮ ಕೈಯಲ್ಲಿ ಬಿಲ್ಲೂ ಇರುವುದಿಲ್ಲ, ಹಕ್ಕೂ ಇರುವುದಿಲ್ಲ. ಆ್ಯಕ್ಟಿವೇಶನ್ ಮುರಿಯುವ ಪ್ರೋಗ್ರಾಂಗಳಂತೂ ಇನ್ನೂ ಕೆಟ್ಟವು. ಆಂಟಿವೈರಸ್ ಆಫ್ ಮಾಡಿ ನಡೆಸಿ ಎಂದು ಅವು ಹೇಳುವುದೇ ಸಾಕು, ಏನು ಕಾದಿದೆಯೆಂದು ತಿಳಿಯಲು.

ಫ್ರೀಡಾಸ್ ಎಂದು ಬರೆದ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಕಂಡರೆ, ಅದರಲ್ಲಿ ಕೆಲಸಕ್ಕೆ ಬರುವ ಸಿಸ್ಟಮ್ ಇಲ್ಲವೆಂದೇ ಲೆಕ್ಕ. ಲಿನಕ್ಸ್ ಹಾಕುವವರಿಗೆ ಅದು ಒಳ್ಳೆಯ ಉಳಿತಾಯ. ವಿಂಡೋಸ್ ಬೇಕಾದವರು ಲೈಸೆನ್ಸಿನ ಬೆಲೆ ಕೂಡಿಸಿಯೇ ಹೋಲಿಸಬೇಕು.

ಎಷ್ಟು ರ‍್ಯಾಮ್, ಎಷ್ಟು ಸಂಗ್ರಹ?

ಕಾಗದದ ಮೇಲಿನ 4 ಜಿಬಿಯನ್ನು ನಂಬಬೇಡಿ. ವಿಂಡೋಸ್‌ಗೆ 8 ಜಿಬಿ ಎಂದರೆ ಕೆಲಸ ಸಾಗುತ್ತದೆ, 16 ಜಿಬಿ ಎಂದರೆ ನಾಲ್ಕೈದು ವರ್ಷ ತಲೆನೋವಿಲ್ಲ. ಲಿನಕ್ಸ್ 8 ಜಿಬಿಯಲ್ಲಿ ಹಗುರಾಗಿ ಓಡುತ್ತದೆ, ಆದರೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಡುವವರಿಗೆ ಯಾವ ಸಿಸ್ಟಮ್ ಆದರೂ ಒಂದೇ. ಸಂಗ್ರಹ 256 ಜಿಬಿಗಿಂತ ಕಡಿಮೆ ಬೇಡ, ಅದು ಎಸ್‌ಎಸ್‌ಡಿಯೇ ಆಗಿರಲಿ. 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ಅಗ್ಗದ, ನಿಧಾನದ ಸಂಗ್ರಹ) ಇರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ವರ್ಷದ ದೊಡ್ಡ ಅಪ್‌ಡೇಟ್ ಜಾಗ ಸಾಲದೆ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ನಿಂತವು ಭದ್ರತಾ ತೇಪೆಗಳಿಂದಲೂ ಹಿಂದೆ ಬೀಳುತ್ತವೆ.

ಮ್ಯಾಕ್‌ಬುಕ್‌ನಲ್ಲಿ, ಮತ್ತು ತೆಳುವಾದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ, ರ‍್ಯಾಮ್ ಬೆಸುಗೆ ಹಾಕಿರುತ್ತದೆ. ಕೊಳ್ಳುವ ದಿನ ಆರಿಸಿದ್ದೇ ಕೊನೆ.

ಮ್ಯಾಕ್ ತೆಗೆದುಕೊಳ್ಳೋಣವೇ?

ವಿನ್ಯಾಸ, ವಿಡಿಯೊ, ಛಾಯಾಗ್ರಹಣ, ಬರವಣಿಗೆ, ಬ್ರೌಸರ್‌ನಲ್ಲಿ ನಡೆಯುವ ಲೆಕ್ಕಪತ್ರ, ಇವೇ ನಿಮ್ಮ ಕೆಲಸವಾದರೆ ಮ್ಯಾಕ್ ತುಂಬ ಒಳ್ಳೆಯ ಆಯ್ಕೆ. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂದ ಮೇಲೆ ಬ್ಯಾಟರಿಯ ವಿಷಯದಲ್ಲಿ ಅವು ಬಹಳ ಮುಂದೆ ಹೋದವು. ಫೈಲ್‌ವಾಲ್ಟ್ ಎನ್‌ಕ್ರಿಪ್ಶನ್, ಟೈಮ್ ಮಷೀನ್ ಬ್ಯಾಕಪ್ ಎರಡೂ ಒಳಗೇ ಇವೆ.

ಕೊಳ್ಳುವ ಮೊದಲು ತಿಳಿದಿರಬೇಕಾದ ತೊಡಕುಗಳು ಕೆಲವಿವೆ. ಎಕ್ಸೆಲ್ ಮ್ಯಾಕ್‌ನಲ್ಲೂ ಇದೆ, ಆದರೆ ಅದೇ ಎಕ್ಸೆಲ್ ಅಲ್ಲ: ಪವರ್ ಪಿವಟ್ ಇಲ್ಲ, ಆ್ಯಕ್ಟಿವ್‌ಎಕ್ಸ್ ಗುಂಡಿಗಳು ನಡೆಯುವುದಿಲ್ಲ, ವಿಂಡೋಸ್‌ನ ಫೋಲ್ಡರ್ ದಾರಿಯನ್ನು ನೇರ ಬರೆದಿರುವ ಮ್ಯಾಕ್ರೊಗಳು (ಹಾಳೆಯೊಳಗಿನ ಪುಟ್ಟ ಪ್ರೋಗ್ರಾಂಗಳು) ಮುಗ್ಗರಿಸುತ್ತವೆ. ಆ್ಯಕ್ಸೆಸ್ ಡೇಟಾಬೇಸ್ ಮ್ಯಾಕ್‌ಗೆ ಇಲ್ಲವೇ ಇಲ್ಲ. ಎನ್‌ಟಿಎಫ್‌ಎಸ್‌ಗೆ (ವಿಂಡೋಸ್‌ನ ಡಿಸ್ಕ್ ವಿನ್ಯಾಸಕ್ಕೆ) ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರಲ್ಲಿ ಬರೆಯುವುದಿಲ್ಲ. ಎರಡೂ ಕಡೆ ಓಡಾಡುವ ಡಿಸ್ಕನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಇಂಟೆಲ್ ಚಿಪ್‌ನ ಮ್ಯಾಕ್‌ಗಳಿಗೆ 2025ರಲ್ಲಿ ಬಂದ ಮ್ಯಾಕ್‌ಓಎಸ್ 26, ಅಂದರೆ ಟಾಹೋ, ಕೊನೆಯ ಆವೃತ್ತಿ. ಅದೂ ಎಲ್ಲ ಇಂಟೆಲ್ ಮಾದರಿಗಳಿಗಿಲ್ಲ. ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ವ್ಯವಹಾರಕ್ಕಾಗಿ ಈಗ ಇಂಟೆಲ್ ಮ್ಯಾಕ್ ಕೊಳ್ಳಬೇಡಿ.

ಮ್ಯಾಕ್‌ನೊಳಗೇ ವಿಂಡೋಸ್ ನಡೆಸಬಹುದಲ್ಲ?

ಮ್ಯಾಕ್‌ನಲ್ಲಿ ವಿಂಡೋಸ್ ಹಾಕಿಕೊಡುತ್ತಿದ್ದ ಬೂಟ್ ಕ್ಯಾಂಪ್ ಇಂಟೆಲ್ ಮ್ಯಾಕ್‌ಗಳ ಜೊತೆಗೇ ಮುಗಿಯಿತು. ಹೊಸ ಮ್ಯಾಕ್‌ಗಳಲ್ಲಿ ಪ್ಯಾರಲಲ್ಸ್‌ನಂಥ ಸಾಫ್ಟ್‌ವೇರ್ ಹಾಕಿ ವಿಂಡೋಸ್ 11ರ ಆರ್ಮ್ (ಇಂಟೆಲ್, ಎಎಂಡಿಗಿಂತ ಬೇರೆ ಬಗೆಯ ಚಿಪ್) ಆವೃತ್ತಿಯನ್ನು ನಡೆಸಬಹುದು, ಅದಕ್ಕೆ ಮೈಕ್ರೋಸಾಫ್ಟ್‌ನ ಒಪ್ಪಿಗೆಯೂ ಇದೆ. ಸಾಮಾನ್ಯ ಸಾಫ್ಟ್‌ವೇರ್‌ಗಳು ಅದರಲ್ಲಿ ನಡೆಯುತ್ತವೆ. ಆದರೆ ಡ್ರೈವರ್ ಕೇಳುವ ಡಾಂಗಲ್, ಹಳೆಯ ಸ್ಕ್ಯಾನರ್ ಇತ್ಯಾದಿಗಳಿಗೆ ಆರ್ಮ್‌ಗೆಂದೇ ಮಾಡಿದ ಡ್ರೈವರ್ ಬೇಕು. ಪ್ಯಾರಲಲ್ಸ್‌ಗೂ ಹಣ, ವಿಂಡೋಸ್‌ಗೂ ಹಣ. ದಿನವೂ ವಿಂಡೋಸ್ ಬೇಕಾಗುವವರಿಗೆ ಇದು ಸುತ್ತು ದಾರಿ.

ಸ್ನ್ಯಾಪ್‌ಡ್ರಾಗನ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಹೇಗೆ?

ಮೇಲಿನ ಎಚ್ಚರಿಕೆಯೇ ಇಲ್ಲಿಗೂ ಅನ್ವಯ, ಇವೂ ಆರ್ಮ್ ಚಿಪ್‌ಗಳೇ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಸಾಮಾನ್ಯ ಸಾಫ್ಟ್‌ವೇರ್‌ಗಳನ್ನು ವಿಂಡೋಸ್ ತಾನೇ ಅನುವಾದಿಸಿಕೊಂಡು ನಡೆಸುತ್ತದೆ. ಡ್ರೈವರ್‌ಗಳನ್ನು ಮಾತ್ರ ಹಾಗೆ ಅನುವಾದಿಸಲಾಗದು. ನಿಮ್ಮ ಕೆಲಸದ ಪಟ್ಟಿಯ ಎರಡನೆಯ ಕಾಲಂನ ಪ್ರತಿ ಸಾಧನಕ್ಕೂ ಆರ್ಮ್64 ಡ್ರೈವರ್ ಇದೆಯೇ ಎಂದು ತಯಾರಕರ ಪುಟದಲ್ಲಿ ನೋಡಿ. ಇಲ್ಲವಾದರೆ ಇಂಟೆಲ್ ಅಥವಾ ಎಎಂಡಿಗೇ ಹೋಗಿ.

ಲಿನಕ್ಸ್‌ನಿಂದ ನಿಜವಾಗಿಯೂ ವ್ಯವಹಾರ ನಡೆಸಬಹುದೇ?

ನಡೆಸಬಹುದು, ಮತ್ತು ಇನ್ನಷ್ಟು ಜನ ನಡೆಸಬೇಕು ಎಂಬುದು ನಮ್ಮ ಮನಸ್ಸಿನ ಮಾತು. ಮಿಂಚಂಚೆ, ಬ್ರೌಸರ್, ಪತ್ರ, ಲೆಕ್ಕದ ಹಾಳೆ, ವಿಡಿಯೊ ಕರೆ, ಮುದ್ರಣ, ಇಷ್ಟೇ ಕೆಲಸವಿರುವ ಲ್ಯಾಪ್‌ಟಾಪ್‌ಗೆ ಲೈಸೆನ್ಸಿನ ಖರ್ಚೂ ಇಲ್ಲ, ಹಳೆಯ ಯಂತ್ರಕ್ಕೆ ಹೊಸ ಜೀವವೂ ಬರುತ್ತದೆ.

ಯಾವ ಲಿನಕ್ಸ್ ಎಂಬುದರಲ್ಲಿ (ಅದಕ್ಕೆ ಉಬುಂಟು, ಮಿಂಟ್, ಫೆಡೋರಾ ಎಂಬ ಹಲವು ರೂಪಗಳಿವೆ) ಹೆಚ್ಚು ಗೊಂದಲ ಬೇಡ. ದೀರ್ಘ ಬೆಂಬಲವಿರುವುದನ್ನೇ ಆರಿಸಿ. ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಸಾಮಾನ್ಯ ಬೆಂಬಲ ಇರುತ್ತದೆ. ಉಬುಂಟು ಪ್ರೊ ಸೇರಿಸಿಕೊಂಡರೆ ಹತ್ತು ವರ್ಷ, ಐದು ಕಂಪ್ಯೂಟರ್‌ಗಳವರೆಗೆ ಅದು ಉಚಿತ. ವಿಂಡೋಸ್‌ನ ಚಹರೆಗೆ ಹೊಂದಿಕೊಂಡ ಕೈಗಳಿಗೆ ಲಿನಕ್ಸ್ ಮಿಂಟ್ ಸಲೀಸು. ಅದರ 22ನೇ ಆವೃತ್ತಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲವಿದೆ. ಫೆಡೋರಾ ಸೊಗಸಾಗಿದೆ, ಆದರೆ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲ. ನೋಡಿಕೊಳ್ಳುವವರಿಲ್ಲದ ಕಡೆ ಅಷ್ಟು ಬೇಗ ಬೇಗ ಬದಲಾವಣೆ ಒಗ್ಗದು.

ಲಿನಕ್ಸ್ ಹಾಕುವ ಮೊದಲು ಪರೀಕ್ಷಿಸುವುದು ಹೇಗೆ?

ಇದು ಲಿನಕ್ಸ್‌ನ ದೊಡ್ಡ ಅನುಕೂಲ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್ ತೆಗೆದುಕೊಳ್ಳಿ (ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ). ಮಿಂಟ್ ಅಥವಾ ಉಬುಂಟುವಿನ ಐಎಸ್‌ಒ ಫೈಲನ್ನು (ಪೂರ್ತಿ ಸಿಸ್ಟಮ್ ಅಡಕವಾಗಿರುವ ಒಂದೇ ಫೈಲ್) ಅವರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಎಂಬ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ಲ್ಯಾಪ್‌ಟಾಪ್ ಮರು ಆರಂಭಿಸಿ, ತಯಾರಕರನ್ನು ಅನುಸರಿಸಿ ಎಫ್12, ಎಫ್9 ಅಥವಾ ಎಸ್ಕೇಪ್ ಕೀ ಒತ್ತಿ ಪೆನ್‌ಡ್ರೈವನ್ನು ಆರಿಸಿ.

ಈಗ ಅರ್ಧ ಗಂಟೆ ಕೂತು ಒಂದೊಂದಾಗಿ ನೋಡಿ. ವೈಫೈ ಸಿಗುತ್ತದೆಯೇ? ವಿಡಿಯೊ ಕರೆಯಲ್ಲಿ ಕ್ಯಾಮೆರಾ, ಮೈಕು ಎರಡೂ ಹಿಡಿಯುತ್ತವೆಯೇ? ಬೆಳಕು ಹೆಚ್ಚುಕಡಿಮೆ ಮಾಡುವ ಕೀ, ಎಚ್‌ಡಿಎಂಐ ಮೂಲಕ ಪ್ರೊಜೆಕ್ಟರ್, ಬ್ಲೂಟೂತ್ ಕೆಲಸ ಮಾಡುತ್ತವೆಯೇ? ನಿಮ್ಮದೇ ಪ್ರಿಂಟರ್‌ನಲ್ಲಿ ಒಂದು ಹಾಳೆ ಮುದ್ರಿಸಿ. ಕೊನೆಗೆ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳುವಾಗ ವೈಫೈ ಮರಳಿ ಬರದಿರುವುದು, ಪರದೆ ಕಪ್ಪಾಗಿಯೇ ಉಳಿಯುವುದು ಸಾಮಾನ್ಯ ದೂರುಗಳು. ಬೆರಳಚ್ಚು ಓದುವ ಸಾಧನಗಳಲ್ಲಿ ಕೆಲವಕ್ಕೆ ಲಿನಕ್ಸ್‌ನಲ್ಲಿ ಡ್ರೈವರೇ ಇಲ್ಲ. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ, ಸೆಕ್ಯೂರ್ ಬೂಟ್ ಆನ್ ಇರುವಾಗ ಡ್ರೈವರ್ ಹಾಕಿದ ಮೇಲೆ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ಕೀ ನೋಂದಾಯಿಸುವ ಆಯ್ಕೆ ಒತ್ತಿ ಅದೇ ಪಾಸ್‌ವರ್ಡ್ ಕೊಡಬೇಕು. ಅದನ್ನು ದೋಷವೆಂದು ತಿಳಿದು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ.

ವರ್ಡ್, ಎಕ್ಸೆಲ್ ಫೈಲ್‌ಗಳ ಗತಿ?

ಲಿಬ್ರೆಆಫೀಸ್ ಅವನ್ನು ತೆರೆಯುತ್ತದೆ, ಉಳಿಸುತ್ತದೆ. ವಿನ್ಯಾಸ ಅಲುಗಾಡಲು ಮುಖ್ಯ ಕಾರಣ ಫಾಂಟ್. ಕ್ಯಾಲಿಬ್ರಿಗೆ ಬದಲಾಗಿ ಅದೇ ಅಗಲದ ಕಾರ್ಲಿಟೊ, ಕೇಂಬ್ರಿಯಾಕ್ಕೆ ಕ್ಯಾಲಡಿಯಾ, ಏರಿಯಲ್‌ಗೆ ಲಿಬರೇಶನ್ ಸ್ಯಾನ್ಸ್ ಇವೆ. ಇವು ಹಾಕಿದ್ದರೆ ಸಾಲುಗಳು ಮುಂದಿನ ಪುಟಕ್ಕೆ ಜಾರುವುದು ಬಹುಪಾಲು ನಿಲ್ಲುತ್ತದೆ. ಹೊರಗೆ ಕಳಿಸುವ ಕೊಟೇಶನ್, ಇನ್‌ವಾಯ್ಸ್‌ಗಳನ್ನು ಪಿಡಿಎಫ್ ಮಾಡಿಯೇ ಕಳಿಸಿ. ಬೇರೆಯವರು ತಿದ್ದಿ ಮರಳಿಸುವ ಫೈಲ್‌ಗಳಿಗೆ ಮಾತ್ರ ಮೂಲ ರೂಪ ಸಾಕು.

ಮ್ಯಾಕ್ರೊ ತುಂಬಿದ ಎಕ್ಸೆಲ್ ಹಾಳೆಗಳು ನಿಮ್ಮ ವ್ಯವಹಾರದ ಬೆನ್ನೆಲುಬಾಗಿದ್ದರೆ ಲಿನಕ್ಸ್‌ಗೆ ಹೋಗಬೇಡಿ. ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಲೆಕ್ಕಕ್ಕಿಂತ, ತೆರೆಯದೇ ಇರುವ ಲೆಕ್ಕವೇ ಮೇಲು.

ಬಿಲ್ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಸಹಿಯ ಡಾಂಗಲ್: ಯಾವುದು ಎಲ್ಲಿ ನಡೆಯುತ್ತದೆ?

ಬಾರ್‌ಕೋಡ್ ಸ್ಕ್ಯಾನರ್ ಬಗ್ಗೆ ಚಿಂತೆ ಬೇಡ. ಯುಎಸ್‌ಬಿ ಸ್ಕ್ಯಾನರ್‌ಗಳಲ್ಲಿ ಬಹುಪಾಲು ತಮ್ಮನ್ನು ಕೀಬೋರ್ಡ್ ಎಂದೇ ಪರಿಚಯಿಸಿಕೊಳ್ಳುತ್ತವೆ. ಓದಿದ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತಿದಂತೆ ಕಳಿಸುತ್ತವೆ. ಹಾಗಾಗಿ ಎಲ್ಲ ಸಿಸ್ಟಮ್‌ಗಳಲ್ಲೂ ನಡೆಯುತ್ತವೆ.

ಸಾಮಾನ್ಯ ಕಚೇರಿ ಪ್ರಿಂಟರ್ ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಬೆಂಬಲಿಸಿದರೆ ಮ್ಯಾಕ್, ಲಿನಕ್ಸ್, ಕ್ರೋಮ್‌ಓಎಸ್ ಮೂರರಲ್ಲೂ ಬೇರೆ ಡ್ರೈವರ್ ಇಲ್ಲದೆ ಮುದ್ರಿಸುತ್ತದೆ. ಹೊಸ ಪ್ರಿಂಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆ ಹೆಸರು ಹುಡುಕಿ. ಥರ್ಮಲ್ ಬಿಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಇಎಸ್‌ಸಿ ಪಿಒಎಸ್ ಎಂಬ ಆಜ್ಞಾಭಾಷೆ ಮಾತಾಡುತ್ತವೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ನೇರ ಕಳಿಸಬಲ್ಲದಾದರೆ ಸಿಸ್ಟಮ್ ಯಾವುದಾದರೂ ಸರಿ. ಡ್ರೈವರ್ ಮೂಲಕವೇ ಕಳಿಸುವಂಥದ್ದಾದರೆ ವಿಂಡೋಸ್ ಸುರಕ್ಷಿತ.

ಸಹಿಯ ಡಾಂಗಲ್ ಎಲ್ಲಕ್ಕಿಂತ ಹಟಮಾರಿ. ಅದಕ್ಕೆ ತಯಾರಕರ ಮಿಡಲ್‌ವೇರ್, ಅಂದರೆ ಡಾಂಗಲ್ ಮತ್ತು ಸಹಿ ಕೇಳುವ ಸಾಫ್ಟ್‌ವೇರ್ ನಡುವೆ ಮಾತಾಡಿಸುವ ಪ್ರೋಗ್ರಾಂ, ಬೇಕು. ಲಿನಕ್ಸ್‌ಗೆ ಕೊಟ್ಟಿದ್ದರೂ ಸಹಿ ಮಾಡಿಸುವ ತಾಣದ ಸಹಾಯಕ ಪ್ರೋಗ್ರಾಂ ವಿಂಡೋಸ್‌ಗೆ ಮಾತ್ರ ಇರುವುದುಂಟು. ಎರಡನ್ನೂ ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳಿ.

ಕ್ರೋಮ್‌ಬುಕ್ ಯಾರಿಗೆ?

ಎಲ್ಲ ಕೆಲಸವೂ ಬ್ರೌಸರ್‌ನಲ್ಲೇ ನಡೆಯುವವರಿಗೆ. ಕೌಂಟರ್‌ನಲ್ಲಿ ಹಲವರು ಸರದಿಯಲ್ಲಿ ಬಳಸುವ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ನಿರಾಳವಾದದ್ದು ಇಲ್ಲ. 2021ರಿಂದ ಈಚಿನ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಇದೆ, ಆದರೆ ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ತಳಹದಿ ಹೊರಬಂದ ದಿನದಿಂದ. ಸೆಟ್ಟಿಂಗ್ಸ್‌ನ ಅಬೌಟ್ ಕ್ರೋಮ್‌ಓಎಸ್ ಪುಟದಲ್ಲಿ ಕೊನೆಯ ದಿನಾಂಕ ಇರುತ್ತದೆ.

ಹಳೆಯ ಲ್ಯಾಪ್‌ಟಾಪ್‌ಗೆ ಹಾಕುವ ಕ್ರೋಮ್‌ಓಎಸ್ ಫ್ಲೆಕ್ಸ್‌ಗೆ 4 ಜಿಬಿ ರ‍್ಯಾಮ್, 16 ಜಿಬಿ ಸಂಗ್ರಹ ಸಾಕು. ಅದರಲ್ಲಿ ಪ್ಲೇ ಸ್ಟೋರ್ ಇಲ್ಲ, ಆಂಡ್ರಾಯ್ಡ್ ಆ್ಯಪ್ ಬೇಕಾದವರು ನೆನಪಿಡಿ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡಬಹುದೇ?

ಇಡಬಹುದು. ನುರಿತವರಿಲ್ಲದ ಕಡೆ ನಾವು ಸಲಹೆ ಮಾಡುವುದಿಲ್ಲ. ಬೂಟ್ ಸರಣಿ ಬದಲಾದರೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದರ ಡ್ರೈವ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್‌ನಿಂದ ಅಲ್ಲಿ ಬರೆಯಲಾಗದು. ವಿಂಡೋಸ್ ಗಡಿಯಾರವನ್ನು ಸ್ಥಳೀಯ ಸಮಯದಲ್ಲಿ, ಲಿನಕ್ಸ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇಡುವುದರಿಂದ ಸಿಸ್ಟಮ್ ಬದಲಿಸಿದಾಗಲೆಲ್ಲ ಗಂಟೆ ತಪ್ಪುತ್ತದೆ, ಬಿಲ್‌ನ ಮೇಲಿನ ಸಮಯವೂ ತಪ್ಪುತ್ತದೆ.

ಅಪರೂಪಕ್ಕೊಮ್ಮೆ ವಿಂಡೋಸ್ ಬೇಕಾದವರು 16 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್‌ನೊಳಗೆ ವರ್ಚುವಲ್‌ಬಾಕ್ಸ್ (ಒಂದು ಸಿಸ್ಟಮ್‌ನೊಳಗೆ ಇನ್ನೊಂದನ್ನು ನಡೆಸುವ ಸಾಫ್ಟ್‌ವೇರ್) ಹಾಕಿ ಅದರಲ್ಲಿ ವಿಂಡೋಸ್ ಇಟ್ಟುಕೊಳ್ಳಬಹುದು. ಯುಎಸ್‌ಬಿ ಡಾಂಗಲನ್ನು ಒಳಗಿನ ವಿಂಡೋಸ್‌ಗೆ ವಹಿಸಿಕೊಡಲೂ ಬರುತ್ತದೆ. ಅದಕ್ಕೂ ಲೈಸೆನ್ಸ್ ಬೇಕು.

ಲ್ಯಾಪ್‌ಟಾಪ್ ಕಳೆದುಹೋದರೆ ಮಾಹಿತಿ ಸೋರದಂತೆ ಏನು ಮಾಡಬೇಕು?

ಲಾಗಿನ್ ಪಾಸ್‌ವರ್ಡ್ ಸಾಲದು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಎಲ್ಲವೂ ತೆರೆದ ಪುಸ್ತಕ. ಎನ್‌ಕ್ರಿಪ್ಶನ್ ಬೇಕೇ ಬೇಕು. ವಿಂಡೋಸ್ ಹೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್ ಎಂಬಲ್ಲಿ ಆನ್ ಇದೆಯೇ ನೋಡಿ. ಪ್ರೊನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಶನ್ ಆಯ್ಕೆಗೆ ಗುರುತು ಹಾಕಬೇಕು. ಆಮೇಲೆ ಸೇರಿಸುವುದು ಬಲು ಕಷ್ಟ.

ಇದರ ಇನ್ನೊಂದು ಮುಖವೇ ಹೆಚ್ಚು ಜನರನ್ನು ಕಾಡುವಂಥದ್ದು. ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆಯಿಂದ ಶುರುವಾದಾಗ ಎನ್‌ಕ್ರಿಪ್ಶನ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಆನ್ ಆಗುತ್ತದೆ, ರಿಕವರಿ ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಆ ಖಾತೆ ಕೆಲಸ ಬಿಟ್ಟುಹೋದ ಸಿಬ್ಬಂದಿಯ ಸ್ವಂತದ್ದಾದರೆ? ಬಯಾಸ್ ಅಪ್‌ಡೇಟ್ ಆದ ಮರುದಿನ ಲ್ಯಾಪ್‌ಟಾಪ್ ಕೀ ಕೇಳುತ್ತದೆ, ಕೀ ಯಾರಲ್ಲೂ ಇರುವುದಿಲ್ಲ, ಮಾಹಿತಿ ಹೋದಂತೆಯೇ. ಆದ್ದರಿಂದ ಹೊಸ ಲ್ಯಾಪ್‌ಟಾಪನ್ನು ವ್ಯವಹಾರದ ಹೆಸರಿನ ಖಾತೆಯಿಂದಲೇ ಶುರು ಮಾಡಿ. ಆ 48 ಅಂಕಿಗಳನ್ನು ಕಾಗದದಲ್ಲಿ ಮುದ್ರಿಸಿ ಬೀರುವಿನಲ್ಲಿಡಿ. ಬಯಾಸ್ ಅಪ್‌ಡೇಟ್ ಮಾಡುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ.

ಬೇರೆ ಆಂಟಿವೈರಸ್ ಕೊಳ್ಳಬೇಕೇ?

ಹೆಚ್ಚಿನವರಿಗೆ ಬೇಕಿಲ್ಲ. ವಿಂಡೋಸ್‌ನಲ್ಲಿ ಡಿಫೆಂಡರ್ ಇದೆ. ಅದಕ್ಕಿಂತ ಹೆಚ್ಚು ಕಾಪಾಡುವುದು ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಬಳಸುವುದು. ಅಡ್ಮಿನ್ ಪಾಸ್‌ವರ್ಡ್ ಮಾಲೀಕರ ಬಳಿ ಇರಲಿ.

ಕೆಲಸದ ಮಧ್ಯೆ ಅಪ್‌ಡೇಟ್ ಬಂದು ಲ್ಯಾಪ್‌ಟಾಪ್ ಮರು ಆರಂಭವಾಗುತ್ತದೆ. ತಡೆಯುವುದು ಹೇಗೆ?

ಅಪ್‌ಡೇಟನ್ನೇ ಆಫ್ ಮಾಡಿಸಬೇಡಿ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಆ್ಯಕ್ಟಿವ್ ಅವರ್ಸ್ ಎಂದಿದೆ. ಅಲ್ಲಿ ಗರಿಷ್ಠ 18 ಗಂಟೆಯ ಕೆಲಸದ ವೇಳೆ ಗುರುತಿಸಿದರೆ ಆ ಹೊತ್ತಿನಲ್ಲಿ ಮರು ಆರಂಭ ಆಗದು. ಮಾಸಿಕ ತೇಪೆಗಳು ಬರುವುದು ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಸಮಯದಲ್ಲಿ. ಆ ವಾರ ಒಂದು ದಿನ ಕೆಲಸ ಮುಗಿದ ಮೇಲೆ ನೀವೇ ಅಪ್‌ಡೇಟ್ ಮಾಡಿ ಮರು ಆರಂಭಿಸುವ ರೂಢಿ ಮಾಡಿಕೊಂಡರೆ ನಡುವೆ ಕಾಡುವ ಪ್ರಸಂಗವೇ ಬಾರದು.

ಒನ್‌ಡ್ರೈವ್ ಇದೆ, ಬೇರೆ ಬ್ಯಾಕಪ್ ಬೇಕೇ?

ಬೇಕು. ಒನ್‌ಡ್ರೈವ್, ಗೂಗಲ್ ಡ್ರೈವ್ ಮುಂತಾದವು ಮಾಡುವುದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ವೈರಸ್ ಕೆಡಿಸಿದ್ದು ಅಲ್ಲೂ ಕೆಡುತ್ತದೆ. ಹಳೆಯ ಆವೃತ್ತಿಗಳನ್ನು ಕೆಲವು ದಿನ ಇಟ್ಟುಕೊಳ್ಳುವ ಸೌಲಭ್ಯವಿದೆ, ಅದಕ್ಕೆ ಅವಧಿಯೂ ಇದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಹಳೆಯ ಸೂತ್ರವೇ ಸರಿ. ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ತೆಗೆದ ಮೇಲೆ ಡಿಸ್ಕನ್ನು ಬಿಚ್ಚಿಡಿ. ಸಿಕ್ಕಿಸಿಯೇ ಬಿಟ್ಟರೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಅದನ್ನೂ ಬಿಡುವುದಿಲ್ಲ. ಲಿನಕ್ಸ್ ಮಿಂಟ್‌ನ ಟೈಮ್‌ಶಿಫ್ಟ್ ಸಿಸ್ಟಮ್ ಫೈಲ್‌ಗಳಿಗಾಗಿ ಇರುವಂಥದ್ದು, ನಿಮ್ಮ ದಾಖಲೆಗಳನ್ನು ಅದು ತಾನಾಗಿ ಉಳಿಸುವುದಿಲ್ಲ.

ಕನ್ನಡ ಟೈಪಿಂಗ್ ಎಲ್ಲದರಲ್ಲೂ ಇದೆಯೇ?

ಯೂನಿಕೋಡ್ ಕನ್ನಡ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಚೆನ್ನಾಗಿದೆ. ವಿಂಡೋಸ್ 11ರಲ್ಲಿ ಟೈಮ್ ಅಂಡ್ ಲಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಜೊತೆಗೆ ಧ್ವನಿ ಆಧಾರಿತ ಕೀಲಿಮಣೆಯೂ ಸಿಗುತ್ತದೆ. ಲಿನಕ್ಸ್‌ನಲ್ಲಿ ಐಬಸ್ (ಭಾಷಾ ಟೈಪಿಂಗ್ ಸಾಫ್ಟ್‌ವೇರ್) ಜೊತೆ ಎಂ17ಎನ್ ಪೊಟ್ಟಣ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸವೂ ಬರುತ್ತದೆ. ತೊಂದರೆ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಮಾಡಿದ ಕಡತಗಳದ್ದು. ಆ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಲ್ಯಾಪ್‌ಟಾಪ್ ಕೈಯಲ್ಲಿರುವಾಗಲೇ ಪರಿವರ್ತಿಸಿಕೊಳ್ಳಿ.

ನಿರ್ಧಾರವಾಯಿತು. ಬದಲಾಯಿಸುವ ಕ್ರಮ ಹೇಗೆ?

ತಿಂಗಳ ಕೊನೆ, ತೆರಿಗೆಯ ವಾರ ಬೇಡ. ಮೊದಲು ಒಂದೇ ಲ್ಯಾಪ್‌ಟಾಪ್ ಬದಲಿಸಿ, ಅದರಲ್ಲಿ ಒಂದು ಪೂರ್ತಿ ತಿಂಗಳು, ಅಂದರೆ ಒಂದು ಸಲ ಸಂಬಳ, ಒಂದು ಸಲ ಲೆಕ್ಕ ಮುಕ್ತಾಯ ಆಗುವವರೆಗೆ ನಡೆಸಿ. ಹಳೆಯದನ್ನು ಅಳಿಸುವ ಮೊದಲು ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್, ಔಟ್‌ಲುಕ್‌ನ ಪಿಎಸ್‌ಟಿ ಫೈಲ್ (ಅಂಚೆಯೆಲ್ಲ ಇರುವ ಫೈಲ್; ಲಿನಕ್ಸ್ ಅದನ್ನು ನೇರ ತೆರೆಯದು, ಅಂಚೆಯನ್ನು ಮೊದಲೇ ಅಂಚೆಯನ್ನು ಸರ್ವರ್‌ನಲ್ಲೇ ಇಡುವ ಐಮ್ಯಾಪ್ ಖಾತೆಗೆ ಸಾಗಿಸುವುದು ಸುಲಭ), ಲೆಕ್ಕದ ಸಾಫ್ಟ್‌ವೇರ್‌ನ ಬ್ಯಾಕಪ್, ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲ್‌ಗಳು, ಇವನ್ನೆಲ್ಲ ತೆಗೆದುಕೊಳ್ಳಿ. ಲೈಸೆನ್ಸ್ ಇರುವ ಸಾಫ್ಟ್‌ವೇರ್‌ಗಳನ್ನು ಹಳೆಯದರಲ್ಲಿ ಡಿಆ್ಯಕ್ಟಿವೇಟ್ ಮಾಡಿ, ಇಲ್ಲವಾದರೆ ಹೊಸದರಲ್ಲಿ ಎಣಿಕೆ ಮುಗಿದಿದೆ ಎನ್ನುತ್ತದೆ. ಬ್ಯಾಕಪ್‌ನಿಂದ ಹತ್ತು ಫೈಲ್‌ಗಳನ್ನು ಹೊಸದರಲ್ಲಿ ನಿಜವಾಗಿ ತೆರೆದು ನೋಡಿ. ಹಳೆಯ ಡಿಸ್ಕನ್ನು ಕನಿಷ್ಠ ಒಂದು ಲೆಕ್ಕಪತ್ರದ ವರ್ಷ ಮುಗಿಯುವವರೆಗೆ ಹಾಗೇ ಜೋಪಾನವಾಗಿಡಿ.